ಇದಕ್ಕಿಂತ ಕೆಟ್ಟ ಮನೆ

ಮಾರ್ಲ್‌ಟನ್ನಿನ ಸ್ಯಾಗರ್ ಬೀದಿಯಲ್ಲಿ ತನ್ನದನ್ನು ತಾನು ಹೊಗಳಿಕೊಂಡು ಬಾಳಿದವರು ಯಾರೂ ಇರಲಿಲ್ಲ. ಮಗ ಓಟದ ಪಂದ್ಯದಲ್ಲಿ ಮೊದಲು ಬಂದರೆ ‘ಉಳಿದವರೆಲ್ಲ ಕುಂಟರೇನೋ’ ಅನ್ನಬೇಕು. ಹೊಸ ಕೋಟು ಕೊಂಡರೆ ‘ನಾಯಿ ಮಲಗೋಕೆ ಆಯ್ತು’ ಅನ್ನಬೇಕು. ಹಾಗೆ ಅನ್ನದವರನ್ನು ಬೀದಿ ಮೂರು ದಿನ ಬಿಟ್ಟು ನೋಡುತ್ತಿತ್ತು, ಆಮೇಲೆ ಸೊಕ್ಕಿನವರ ಸಾಲಿಗೆ ಸೇರಿಸುತ್ತಿತ್ತು. ವಿನಿ ಟ್ಯಾಮ್ಸಳ ಗಂಡ ಸಿರಿಲ್ ಮದುವೆಯ ದಿನ ಚಾಪೆಲ್ ಅನ್ನುವ ಸಣ್ಣ ಚರ್ಚಿನ ಮೆಟ್ಟಿಲ ಮೇಲೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇದಕ್ಕಿಂತ ಕೆಟ್ಟದ್ದನ್ನ ನೋಡಿದೀನಿ” ಅಂದಿದ್ದ. ಆ ಮಾತನ್ನು ವಿನಿ, ಅವನು ಸತ್ತ ಮೇಲೂ, ಒಳ್ಳೆಯ ಪಿಂಗಾಣಿ ತೆಗೆದಿಟ್ಟ ಹಾಗೆ ತೆಗೆದಿಟ್ಟುಕೊಂಡಿದ್ದಳು.

ಬಾಯಿ ತುಂಬ ಹೊಗಳುವುದಕ್ಕೂ ಅಲ್ಲಿ ಒಂದು ಜಾಗವಿತ್ತು. ಅದು ಬೈಗುಳದ ಜಾಗ. ಎದುರುಮನೆಯ ಎಥೆಲ್ ಬ್ಲೋರ್ ಮಗಳ ಮದುವೆಗೆ ಪೇಟೆಯಿಂದ ನಾಲ್ಕಂತಸ್ತಿನ ಕೇಕು ತರಿಸಿ, ಬಂದವರನ್ನೆಲ್ಲ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದಾಗ ವಿನಿ, “ಬಹಳ ಚೆನ್ನಾಗಿದೆ ಎಥೆಲ್, ಇಂಥದ್ದು ಜನ್ಮದಲ್ಲಿ ನೋಡಿರಲಿಲ್ಲ” ಅಂದುಬಿಟ್ಟಿದ್ದಳು. ಎಥೆಲ್ ಎರಡು ವರ್ಷ ಅವಳ ಕಿಟಕಿಗೆ ಬರಲಿಲ್ಲ.

ಕಿಟಕಿ ಅಂದರೆ ಅಂಗಡಿಯೇ. ವಿನಿಯ ಮುಂಕೋಣೆಯಲ್ಲಿ ಸೋಫಾ ಇರಬೇಕಾದ ಕಡೆ ಗ್ಯಾಸಿನ ಮೇಲೆ ಕೂತ ದೊಡ್ಡ ಕಬ್ಬಿಣದ ಕಾವಲಿ ಇತ್ತು. ಸಂಜೆ ಕಲೆಸಿಟ್ಟ ಓಟ್ಸ್ ಹಿಟ್ಟು ಬೆಳಗಿನ ಹೊತ್ತಿಗೆ ಹುದುಗು ಬಂದು ಬಕೆಟ್ಟಿನ ಬಾಯಿಗೆ ಏರಿರುತ್ತಿತ್ತು. ಕಿಟಕಿಯ ಗಾಜನ್ನು ಮೇಲಕ್ಕೆ ಸರಿಸಿ, ಸೌಟಿನಲ್ಲಿ ಹೊಯ್ದು, ಮೇಲೆಲ್ಲ ತೂತು ಬಿದ್ದ ಮೇಲೆ ಸಟ್ಟುಗದಲ್ಲಿ ಮಗುಚಿದರೆ ಓಟ್‌ಕೇಕ್. ಹೆಸರಿಗೆ ಕೇಕು, ನೋಡಲು ನಮ್ಮ ದಪ್ಪ ದೋಸೆಯ ಅಣ್ಣತಮ್ಮ. ಒಳಗೆ ಚೀಸು, ಹಂದಿಮಾಂಸದ ಪಟ್ಟಿ ಇಟ್ಟು ಸುತ್ತಿ ಕಾಗದದಲ್ಲಿ ಕೊಟ್ಟರೆ ಜನ ಬೀದಿಯಲ್ಲೇ ನಿಂತು ತಿನ್ನುತ್ತಿದ್ದರು. ವಿನಿಯ ಅತ್ತೆ ಇದನ್ನು ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ ಮಾಡುತ್ತಿದ್ದಳು. ಮಾರ್ಲ್‌ಟನ್ನಿನ ಪಿಂಗಾಣಿ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿ, ಭಟ್ಟಿಯ ಚಿಮಣಿಗಳಲ್ಲಿ ಪಾರಿವಾಳ ಗೂಡು ಕಟ್ಟಿದ ಮೇಲೂ ಬೆಂಕಿ ಆರದೆ ಉಳಿದದ್ದು ಈ ಕಾವಲಿಯದು ಮಾತ್ರ.

ಒಂದು ಶನಿವಾರ ಬೀದಿಯ ಮನೆಗಳ ಸ್ಥಿತಿ ಸರ್ವೆ ಮಾಡುವ ಹುಡುಗ ಬಂದ. ಟೋಬಿ ಅಂತ ಹೆಸರು, ದಕ್ಷಿಣದ ಕಡೆಯವನು, ಒದ್ದೆ ಬೂಟನ್ನು ಹೊರಗೇ ಬಿಟ್ಟು ಒಳಗೆ ಬರುವಷ್ಟು ಒಳ್ಳೆಯವನು. ವಿನಿಗೆ ಅವನನ್ನು ಕಂಡು ಪಾಪ ಅನ್ನಿಸಿತು.

“ಕೂತ್ಕೋ ಡಕ್, ಮೊದಲು ತಿನ್ನು” ಅಂದಳು. ಆ ಊರಲ್ಲಿ ಬಸ್ಸಿನ ಡ್ರೈವರಿನಿಂದ ಪಾದ್ರಿಯವರೆಗೆ ಎಲ್ಲರೂ ಡಕ್, ಅಂದರೆ ಬಾತುಕೋಳಿ. ಪ್ರೀತಿ ಬಂದರೂ ಡಕ್, ಸಿಟ್ಟು ಬಂದರೂ ಡಕ್.

ಹುಡುಗ ತಿಂದ. ಮೂರು ಸಲ “ತುಂಬಾ ಚೆನ್ನಾಗಿದೆ” ಅಂದ. ವಿನಿಗೆ ಚುಚ್ಚಿದ ಹಾಗಾಯಿತು. ಆದರೆ ಪರವೂರಿನವನು, ಅವನಿಗೇನು ಗೊತ್ತು ಅಂತ ಬಿಟ್ಟಳು.

“ಈ ಬೆಂಕಿಗೂಡಿನ ಸುತ್ತ ಇರೋ ಹೂವಿನ ಪಿಂಗಾಣಿ ಹೆಂಚು ಕೈಯಲ್ಲಿ ಬರೆದದ್ದಾ ಮಿಸೆಸ್ ಟ್ಯಾಮ್ಸ್? ಎಷ್ಟು ಚೆಂದ!”

“ಅದಾ? ಕಾರ್ಖಾನೇಲಿ ಯಾರಿಗೂ ಬೇಡ ಅಂತ ಬಿಸಾಕಿದ್ದ ಮಾಲು. ಒಂದೂ ನೆಟ್ಟಗಿಲ್ಲ.”

ಬರೆದವಳು ಅವಳೇ. ಮದುವೆಗೆ ಮುಂಚೆ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಊಟದ ಬಿಡುವಿನಲ್ಲಿ ಕೂತು, ಒಂದು ಇಡೀ ಚಳಿಗಾಲ.

“ಗೋಡೆಯಲ್ಲಿ ತೇವ ಏನಾದ್ರೂ...”

“ತೇವಾನಾ? ಗಲ್ಲದವರೆಗೂ ಬರುತ್ತೆ. ಕಪ್ಪೆಗಳು ಬಾಡಿಗೆಗೆ ಇದೆಯಾ ಅಂತ ಕೇಳ್ಕೊಂಡು ಬರ್ತಾವೆ.”

“ಮೇಲ್ಛಾವಣಿ?”

“ಮಲಗಿದ ಕಡೆಯಿಂದಲೇ ನಕ್ಷತ್ರ ಕಾಣುತ್ತೆ ಡಕ್. ಮನೆಯಲ್ಲ ಇದು, ಹಂದಿಗೂಡು.”

ಹೋದ ಬೇಸಿಗೆಯಲ್ಲಿ ಅಳಿಯ ಕ್ಲೈವ್ ಆ ಛಾವಣಿಯ ಒಂದೊಂದು ಹಲಗೆಗಲ್ಲನ್ನೂ ತೆಗೆದು ಹೊಸದಾಗಿ ಹೊದಿಸಿದ್ದ. ಹೊರಗೆ ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಎಥೆಲ್ ಕಿಟಕಿಯೊಳಗೆ ತಲೆ ತೂರಿಸಿದಳು.

“ಇವಳ ಮಾತು ಕೇಳ್ಬೇಡ ಮಗಾ, ಇವಳದ್ದು ಅರಮನೆ. ನಮ್ಮ ಮನೆಗೆ ಬಾ. ಇಲಿಗಳೇ ಗಂಟುಮೂಟೆ ಕಟ್ಕೊಂಡು ಹೋದ್ವು, ಇಲ್ಲಿ ಬದುಕೋಕಾಗಲ್ಲ ಅಂತ.”

ಹುಡುಗನೂ ನಕ್ಕ. ನಗುತ್ತ ನಗುತ್ತಲೇ ಬರೆದುಕೊಂಡ.

* * *

ಟೋಬಿಯನ್ನು ಕಳಿಸಿದ್ದು ಪಾಲುದಾರಿಕೆ. ಪೂರ್ತಿ ಹೆಸರು ಹೇಳಲು ಒಂದು ಉಸಿರು ಸಾಲದು. ಊರಿನವರು ಬರೀ ಪಾಲುದಾರಿಕೆ ಅನ್ನುತ್ತಿದ್ದರು. ನಗರಸಭೆ, ಕಾಲೇಜು, ವ್ಯಾಪಾರಿಗಳ ಸಂಘ, ಮನೆ ಕಟ್ಟುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಸತ್ತ ಊರನ್ನು ಎಬ್ಬಿಸುವುದು ಅಂತ ಏರ್ಪಾಡು. ಲಂಡನ್ನಿನಿಂದ ದುಡ್ಡು ಬರುತ್ತದೆ, ಆದರೆ ಊರಿನವರೂ ಆ ಮೇಜಿನಲ್ಲಿ ಇರಬೇಕು ಅಂತ ಕಟ್ಟಪ್ಪಣೆ. ಹಾಗಾಗಿ ನಿವಾಸಿಗಳ ಪ್ರತಿನಿಧಿ ಅಂತ ಕ್ಲೈವ್ ಮೇಚಿನ್‌ಗೆ ಒಂದು ಕುರ್ಚಿ ಸಿಕ್ಕಿತ್ತು.

ಕ್ಲೈವ್ ಇಪ್ಪತ್ತೇಳು ವರ್ಷ ಭಟ್ಟಿ ಉರಿಸಿದವನು. ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿ, ವಿನಿಯ ಮಗಳು ಲೊರೇನ್, ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗುತ್ತಿದ್ದಳು, ಇವನು ಎಲ್ಲರೂ ಒಟ್ಟಿಗಿದ್ದ ಅತ್ತೆಯ ಮನೆಯಲ್ಲಿ ಬಟಾಟೆ ಸುಲಿಯುತ್ತಿದ್ದ. ಈಗ ಪ್ರತಿ ಗುರುವಾರ ಟೈ ಕಟ್ಟುತ್ತಿದ್ದ. ಮೇಜಿನ ಮೇಲೆ ಅವನ ಹೆಸರು ಬರೆದ ಸಣ್ಣ ಫಲಕ ಇಡುತ್ತಿದ್ದರು. ಕಾಫಿಯ ಜೊತೆ ಒಂದೊಂದೇ ಕಾಗದದಲ್ಲಿ ಸುತ್ತಿದ ಬಿಸ್ಕತ್ತು ಕೊಡುತ್ತಿದ್ದರು. ಅದನ್ನು ಅವನು ಅಲ್ಲಿ ತಿನ್ನದೆ ಕೋಟಿನ ಜೇಬಿನಲ್ಲಿಟ್ಟು ಮನೆಗೆ ತರುತ್ತಿದ್ದ.

ಆ ಗುರುವಾರ ಸಂಜೆ ಊಟಕ್ಕೆ ಈರುಳ್ಳಿ ಹಾಕಿ ಹುರಿದ ಲಿವರ್ ಇತ್ತು. ಕ್ಲೈವ್ ಕೋಟೂ ಬಿಚ್ಚದೆ ಕೂತ.

“ಎರಡೇ ದಾರಿ. ಬೀದೀನ ರಿಪೇರಿ ಮಾಡೋದು, ಇಲ್ಲಾ ಪೂರ್ತಿ ಕೆಡವಿ ಹೊಸದಾಗಿ ಕಟ್ಟೋದು. ಬರೋ ತಿಂಗಳು ಸಭೆ. ಪಾಲುದಾರಿಕೆ ನಡೆಸೋ ಮಿಸ್ ಪೆಂಬರ್ಟನ್ ಹೇಳಿದ್ರು, ಜನ ಏನಂತಾರೋ ಅದೇ ಅಂತ.”

“ರಿಪೇರಿ ಅಂತಾರೆ, ಇನ್ನೇನಂತಾರೆ” ಅಂದಳು ವಿನಿ, ಅವನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ.

“ಕೆಡವಿದ್ರೆ ಹೊಸ ಮಾರ್ಕೆಟ್ಟು ಬರುತ್ತೆ ಅಮ್ಮ. ಗಾಜಿನ ಗೋಡೆ. ಅದರಲ್ಲಿ ನಿಂಗೆ ಒಂದು ಅಂಗಡಿ, ಮೇಲೆ ದೊಡ್ಡದಾಗಿ ‘ವಿನಿ ಟ್ಯಾಮ್ಸ್’ ಅಂತ ಬೋರ್ಡು. ನಕ್ಷೇಲಿ ತೋರಿಸಿದ್ರು.” ಮದುವೆಯಾದಂದಿನಿಂದ ಅವನು ಅತ್ತೆಯನ್ನು ಅಮ್ಮ ಎಂದೇ ಕರೆಯುತ್ತಿದ್ದ. ಮೊದಲ ಸಲ ಈ ಮನೆಗೆ ಬಂದವನು ಅವಳ ಓಟ್‌ಕೇಕ್ ತಿಂದು, ಬೆರಳು ನೆಕ್ಕಿ, “ಇದಕ್ಕಿಂತ ಕೆಟ್ಟದ್ದು ತಿಂದಿದೀನಿ” ಅಂದಿದ್ದ. ಆ ಕ್ಷಣವೇ ವಿನಿ, ಮಗಳಿಗೆ ಇವನೇ ಸರಿ ಅಂದುಕೊಂಡಿದ್ದಳು.

“ನನ್ನ ಹೆಸರು ಬೋರ್ಡಿನ ಮೇಲಾ? ಜನ ನಕ್ಕು ಸಾಯ್ತಾರೆ. ಪಾಲುದಾರಿಕೆ ಅಂದ್ರೆ ಎರಡು ಕಡೆಯವರೂ ಏನಾದ್ರೂ ಹಾಕ್ಬೇಕಲ್ಲ ಡಕ್. ನಾವು ಬೀದಿ ಹಾಕ್ತೀವಿ. ಅವರೇನು ಹಾಕ್ತಾರೆ?”

“ಬಿಸ್ಕತ್ತು” ಅಂದಳು ಮೊಮ್ಮಗಳು ಜೋಡೀ, ಅಪ್ಪನ ಜೇಬಿಗೆ ಕೈಹಾಕಿ.

ಎಲ್ಲರೂ ನಕ್ಕರು, ಕ್ಲೈವ್ ನಗಲಿಲ್ಲ.

“ನಕ್ಕೊಳ್ಳಿ. ಮಾರ್ಕೆಟ್ಟಿಗೆ ಮೇಲ್ವಿಚಾರಕ ಬೇಕಾಗುತ್ತೆ, ಊರು ಗೊತ್ತಿರೋನೇ ಆಗ್ಬೇಕು ಅಂತ ಮಿಸ್ ಪೆಂಬರ್ಟನ್ ನನ್ನ ಮುಖ ನೋಡಿ ಹೇಳಿದ್ರು.”

ಲೊರೇನ್ ಗಂಡನ ಕಡೆ ನೋಡಿದಳು. ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಆಸೆ ಕಂಡಿತು. ವಿನಿ ಅದನ್ನು ನೋಡಿ ಎದ್ದು ಟೀ ಪಾತ್ರೆಗೆ ನೀರು ಹಾಕಿದಳು.

* * *

ಸಭೆಗೆ ಮುಂಚಿನ ವಾರಗಳಲ್ಲಿ ಮನೆ ಎರಡಾಯಿತು. ಮೊದಲು ಪಾತ್ರೆಗಳ ಸದ್ದಿನಲ್ಲಿ, ಆಮೇಲೆ ಬಾಯಲ್ಲಿ.

ಬಚ್ಚಲು ಅಡುಗೆಮನೆಯ ಹಿಂದೆ, ಆಮೇಲೆ ಕಟ್ಟಿದ್ದು. ಅದರ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಾಕಿಕೊಳ್ಳುತ್ತಿರಲಿಲ್ಲ. ಒಳಗೆ ಜೋಡೀ ಸ್ನಾನ ಮಾಡುತ್ತಿದ್ದರೆ ಹೊರಗೆ ಒಲೆಯ ಮುಂದೆ ಅಪ್ಪ ಮೊಟ್ಟೆ ಹುರಿಯುತ್ತಿದ್ದ. ಅವಳು ಒಳಗಿಂದ ಹಾಡು ಹೇಳುತ್ತಲೇ ಇರಬೇಕಿತ್ತು, ಇದ್ದೀನಿ ಅಂತ ಗೊತ್ತಾಗಲು.

“ನಂಗೆ ಹತ್ತೊಂಬತ್ತು ವರ್ಷ ಅಜ್ಜಿ. ಚಿಲಕ ಇರೋ ಒಂದು ಬಾಗಿಲು ಬೇಕು ಅಂದ್ರೆ ತಪ್ಪಾ?”

“ಚಿಲಕಕ್ಕೋಸ್ಕರ ಬೀದಿ ಕೆಡವ್ತಾರೇನೇ? ಬಾಗಿಲಂಚು ಒಂದಿಷ್ಟು ಕೆತ್ತಿದ್ರೆ ಸಾಕು.”

“ಹತ್ತು ವರ್ಷದಿಂದ ಕೆತ್ತಬೇಕು ಅಂತಾನೇ ಇದೀರಿ.”

ಇನ್ನೊಂದು ದಿನ ಲೊರೇನ್ ಶಾಲೆಯಿಂದ ಬಂದವಳು ಚೀಲ ಕೆಳಗಿಟ್ಟು, ಮುಂಕೋಣೆಯಲ್ಲಿ ನೆಲ ಒರೆಸುತ್ತಿದ್ದ ತಾಯಿಯ ಮುಂದೆ ನಿಂತಳು.

“ಅಮ್ಮ, ನಾನು ಹುಟ್ಟಿದಾಗಿಂದ ನನ್ನ ಕೂದಲಲ್ಲಿ ಈ ಕಾವಲಿ ವಾಸನೆ ಇದೆ. ಶಾಲೇಲಿ ಇನ್ನೂರು ಮಕ್ಕಳಿಗೆ ಬೇಯಿಸ್ತೀನಿ, ಮನೆಗೆ ಬಂದ್ರೆ ಇಲ್ಲೂ ಹೊಗೆ. ಒಂದು ದಿನ ಸೋಫಾ ಮೇಲೆ ಕಾಲು ಚಾಚ್ಕೊಂಡು ಕೂರ್ಬೇಕು ನಂಗೆ. ನಮ್ಮ ಮನೇಲಿ ಸೋಫಾ ಎಲ್ಲಿದೆ?”

“ಮೇಲೆ, ನನ್ನ ರೂಮಲ್ಲಿ.”

“ನಿಂತ ಹಾಗೆ ನಿಲ್ಲಿಸಿದೀಯ ಅದನ್ನ, ಗೋಡೆಗೆ ಒರಗಿಸಿ! ಕೂರೋದು ಹೇಗೆ, ಹಲ್ಲಿ ಥರಾನಾ?”

ವಿನಿಗೆ ನಗು ಬಂತು. ಮಗಳಿಗೂ ಬಂತು. ಇಬ್ಬರೂ ಸ್ವಲ್ಪ ನಕ್ಕು, ನಕ್ಕದ್ದಕ್ಕೆ ನಾಚಿಕೊಂಡರು.

“ಕ್ಲೈವ್‌ಗೆ ಕೆಲಸ ಸಿಗಬಹುದು ಅಮ್ಮ” ಅಂದಳು ಲೊರೇನ್, ದನಿ ಇಳಿಸಿ. “ಆರು ವರ್ಷದಿಂದ ನೋಡ್ತಿದೀನಿ. ಬೆಳಗ್ಗೆ ಎದ್ದು ಹೋಗೋ ಜಾಗ ಇಲ್ದೇ ಮೆಟ್ಟಿಲ ಮೇಲೆ ಕೂತ್ಕೊಂಡು ಶೂಗೆ ಪಾಲಿಶ್ ಹಾಕ್ತಾನೆ. ದಿನಾ. ಯಾವ ಶೂ ಅಂತ ಕೇಳು. ಕಾರ್ಖಾನೆಗೆ ಹಾಕ್ಕೊಂಡು ಹೋಗ್ತಿದ್ದದ್ದೇ.”

“ಗೊತ್ತು ಡಕ್. ನಾನೂ ಇದೇ ಮನೇಲಿ ಇದೀನಿ.”

“ಹಾಗಾದ್ರೆ ಸಭೇಲಿ ಎದ್ದು ನಿಂತು ಏನೂ ಹೇಳ್ಬೇಡ.”

ವಿನಿ ಬಟ್ಟೆ ಹಿಂಡಿದಳು. “ನಾನು ಸಭೇಲಿ ಮಾತಾಡಿದ್ದು ಯಾವತ್ತು?” ಅಂದಳು.

ಆದರೆ ಒಂದು ಮಾತು ಅವಳಿಗೆ ಸ್ಪಷ್ಟವಿತ್ತು. ಕಾವಲಿ ಗ್ಯಾಸಿನ ಮೇಲೆ ಬರೀ ಕೂತಿರಲಿಲ್ಲ. ಗೋಡೆ, ನೆಲ, ಕಿಟಕಿಯ ಎತ್ತರ, ಅವಳ ಸೊಂಟದ ಎತ್ತರ ಎಲ್ಲ ಒಂದಕ್ಕೊಂದು ಹೊಂದಿ ಕೂತಿದ್ದವು. ಆ ಕಿಟಕಿ ಹೋದರೆ ಬೇರೆಲ್ಲೂ ಅವಳು ಓಟ್‌ಕೇಕ್ ಹೊಯ್ಯುವವಳಲ್ಲ. ಹೊಯ್ಯದೆ ಇದ್ದರೆ ಬೆಳಗ್ಗೆ ಎದ್ದು ಏನು ಮಾಡುವುದು ಅನ್ನುವುದು ಅವಳಿಗೆ ತಿಳಿದಿರಲಿಲ್ಲ. ಅಳಿಯನ ಶೂ ಪಾಲಿಶ್ ಅವಳಿಗೆ ಅರ್ಥವಾಗುತ್ತಿದ್ದುದೂ ಅದಕ್ಕೇ.

* * *

ಸಭೆ ಚಾಪೆಲ್ಲಿನ ಹಿಂದಿನ ಸಭಾಂಗಣದಲ್ಲಿ. ಮುಂದೆ ಉದ್ದ ಮೇಜು, ಅದರ ತುದಿಯಲ್ಲಿ ತನ್ನ ಹೆಸರಿನ ಹಿಂದೆ ಕ್ಲೈವ್. ನಡುವೆ ಮಿಸ್ ಪೆಂಬರ್ಟನ್. ಕೆಟ್ಟವಳಲ್ಲ. ತನ್ನ ಕೈಯಾರೆ ಕುರ್ಚಿ ಜೋಡಿಸಿದ್ದಳು, ಮುದುಕಿಯರಿಗೆ ಹೀಟರಿನ ಪಕ್ಕ ಜಾಗ ಮಾಡಿಕೊಟ್ಟಿದ್ದಳು.

“ನಾವು ಹೇಳೋದು ಬೇಡ, ನೀವು ಹೇಳಿದ್ದನ್ನೇ ಕೇಳೋಣ” ಅಂತ ಶುರುಮಾಡಿದಳು. “ಇವು ಸ್ಯಾಗರ್ ಬೀದಿಯ ನಿವಾಸಿಗಳ ಸ್ವಂತ ಮಾತುಗಳು.”

ಟೋಬಿ ಎದ್ದು ಓದಿದ. ಗಲ್ಲದವರೆಗೆ ತೇವ. ಮಲಗಿದರೆ ನಕ್ಷತ್ರ. ಇಲಿಗಳು ಕೂಡ ಬಿಟ್ಟು ಹೋದ ಮನೆ. ‘ನಮ್ಮ ಹಿತ್ತಲಿನ ಗೋಡೆ ನನ್ನ ಹೆಂಡತಿ ಬೈಗುಳಕ್ಕೆ ಮಾತ್ರ ನಿಂತಿದೆ.’ ‘ಈ ಮನೆಯಲ್ಲಿ ನಾಯಿ ಸಾಕಲ್ಲ, ನಾಯಿಗೆ ಅವಮಾನ.’

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರತಿಯೊಬ್ಬರೂ ತಮ್ಮ ಮಾತು ಬಂದಾಗ ಪಕ್ಕದವರನ್ನು ಮೊಣಕೈಯಲ್ಲಿ ತಿವಿದರು. ಆದರೆ ಮೇಜಿನ ಹಿಂದೆ ಯಾರೂ ನಗಲಿಲ್ಲ. ಟೋಬಿ ಓದುತ್ತಲೇ ಹೋದ. ಅವನ ದನಿಯಲ್ಲಿ ಕನಿಕರವಿತ್ತು. ಕನಿಕರ ಕೇಳಿಸಿದ ಮೇಲೆ ನಗು ಒಂದು ಕಡೆಯಿಂದ ಆರುತ್ತ ಬಂತು. ಎಥೆಲ್ ವಿನಿಯ ತೋಳು ಹಿಡಿದಳು.

“ವಿನ್, ಇವರು ನಂಬಿಬಿಟ್ಟಿದಾರೆ ಕಣೇ.”

“ಇಂಥ ಸ್ಥಿತೀಲಿ ಬದುಕಿದೀರಿ” ಅಂದಳು ಮಿಸ್ ಪೆಂಬರ್ಟನ್, ಕಣ್ಣು ಒದ್ದೆ ಮಾಡಿಕೊಂಡು. “ನಿಮಗೆ ಇದಕ್ಕಿಂತ ಒಳ್ಳೇದು ಸಿಗಲೇಬೇಕು. ಕೆಡವೋದು ಬೇಡ ಅನ್ನೋರು ಇದ್ರೆ ದಯವಿಟ್ಟು ಮಾತಾಡಿ.”

ಯಾರು ಮಾತಾಡುತ್ತಾರೆ? ಮಾತಾಡಬೇಕಾದರೆ ಎದ್ದು ನಿಂತು, ಇಡೀ ಬೀದಿಯ ಎದುರು, ನನ್ನ ಮನೆ ಒಳ್ಳೆಯ ಮನೆ ಅನ್ನಬೇಕು. ಆ ಸಭಾಂಗಣದಲ್ಲಿ ಅಂಥ ಮಾತು ಯಾರೂ ಆಡಿದ್ದಿಲ್ಲ. ಗಂಡಸರು ಟೋಪಿಯ ಅಂಚು ನೋಡಿಕೊಂಡರು, ಹೆಂಗಸರು ಕೈಚೀಲದ ಕೊಂಡಿ.

ವಿನಿ ಎದ್ದಳು. ಲೊರೇನ್ ಅವಳ ಕೋಟಿನ ತುದಿ ಎಳೆದಳು, ಅವಳು ಬಿಡಿಸಿಕೊಂಡಳು.

“ಹೇಳಿ ಮಿಸೆಸ್ ಟ್ಯಾಮ್ಸ್. ನಿಮಗೆ ಆ ಮನೆ ಇಷ್ಟಾನಾ?”

 ಬೆಂಕಿಗೂಡಿನ ಹೆಂಚುಗಳು ಕಣ್ಣ ಮುಂದೆ ಬಂದವು, ಸಿರಿಲ್ ಬಂದ, ಬಕೆಟ್ಟಿನಲ್ಲಿ ಉಬ್ಬಿದ ಹಿಟ್ಟು ಬಂತು. ಅವಳು ತನ್ನ ಜೀವಮಾನದಲ್ಲಿ ಯಾವುದಕ್ಕೂ ಕೊಡದಷ್ಟು ದೊಡ್ಡ ಹೊಗಳಿಕೆಯನ್ನು ಎದೆಯಿಂದ ಎಳೆದು ತಂದಳು.

“ಇದಕ್ಕಿಂತ ಕೆಟ್ಟ ಮನೆ ನೋಡಿದೀನಿ” ಅಂದಳು.

 ಹಿಂದಿನ ಸಾಲಿನಲ್ಲಿ ಯಾರೋ ಮುದುಕ ಮೂಗು ಒರೆಸಿಕೊಂಡ. ಎಥೆಲ್ ತಲೆ ತಗ್ಗಿಸಿದಳು. ಇಷ್ಟು ಬಿಚ್ಚಿ ಮಾತಾಡುವ ಧೈರ್ಯ ಅವಳಿಗಿರಲಿಲ್ಲ.

ಮಿಸ್ ಪೆಂಬರ್ಟನ್ ಗೊಂದಲದಿಂದ ಮೇಜಿನ ತುದಿಗೆ ತಿರುಗಿದಳು. “ಮಿಸ್ಟರ್ ಮೇಚಿನ್, ನೀವು ಇಲ್ಲಿಯವರು. ಇವರು ಏನು ಹೇಳ್ತಿದಾರೆ?”

ಕ್ಲೈವ್ ಅತ್ತೆಯ ಮುಖ ನೋಡಿದ. ವಿನಿ ಅವನ ಮುಖ ನೋಡಿದಳು. ಆ ಮಾತಿನ ಅರ್ಥ ಅವನಿಗೆ ಗೊತ್ತಿಲ್ಲ ಅನ್ನುವ ಅನುಮಾನ ಅವಳಿಗೆ ಒಂದಿಷ್ಟೂ ಇರಲಿಲ್ಲ. ಅವಳು ಆಗಲೇ ಕೂರಲು ಕುರ್ಚಿಗೆ ಕೈ ಚಾಚಿದ್ದಳು. ಕ್ಲೈವ್ ತನ್ನ ಹೆಸರಿನ ಫಲಕವನ್ನು ಒಂದು ಸಲ ನೆಟ್ಟಗೆ ಮಾಡಿದ.

“ಅದು... ಈಗಿರೋದು ಹೀಗಿದೆ ಅಂತ. ಒಳ್ಳೇದು ಸಿಕ್ಕಿದ್ರೆ ಬೇಡ ಅನ್ನಲ್ಲ ಅಂತ.”

“ನಿವಾಸಿಗಳ ಪ್ರತಿನಿಧಿಯಾಗಿ ನಿಮ್ಮ ಅಭಿಪ್ರಾಯ?”

“ಕೆಡವೋಣ” ಅಂದ ಕ್ಲೈವ್.

* * *

ಆ ಸಂಜೆ ವಿನಿ ಯಾವತ್ತಿನ ಹಾಗೆ ಊಟ ಬಡಿಸಿದಳು. ಮಾಂಸದ ಪೈ, ಬಟಾಣಿ. ಕ್ಲೈವನ ತಟ್ಟೆಯನ್ನು ಅವನ ಮುಂದೆ ಮೆತ್ತಗೆ ಇಟ್ಟಳು.

“ಸಾಸ್ ಬೇಕಾ ಮಿಸ್ಟರ್ ಮೇಚಿನ್?”

ಜೋಡೀ ಕಿಸಕ್ಕೆಂದು ನಕ್ಕಳು. ಆಮೇಲೆ ಅಜ್ಜಿಯ ಮುಖ ನೋಡಿ ಚಮಚ ಕೆಳಗಿಟ್ಟಳು.

“ಅಮ್ಮ, ಏನಿದು?” ಅಂದ ಕ್ಲೈವ್.

“ಏನಾಯ್ತು? ಮೇಜಿನ ಮೇಲೆ ಹಾಗೇ ಬರೆದಿತ್ತಲ್ಲ. ಓದೋಕೆ ಬರುತ್ತೆ ನಂಗೆ.”

“ನೀನು ಬಿಡಿಸಿ ಹೇಳ್ಬೇಕಿತ್ತು. ಮನೆ ಚೆನ್ನಾಗಿದೆ, ಬಿಡಲ್ಲ ಅಂತ ನೇರವಾಗಿ ಅಂದಿದ್ರೆ ನಾನೇನು ಮಾಡೋಕಾಗ್ತಿತ್ತು?”

“ನೇರವಾಗೇ ಹೇಳಿದೆ. ನಿಮಗೆ ಅರ್ಥವಾಗಲಿಲ್ಲ ಅಂತ ಹೇಳಿ, ಸಾಕು. ಒಂದು ಸಲ ಹೇಳಿಬಿಡಿ. ನಾನು ಸುಮ್ಮನಾಗ್ತೀನಿ.”

ಕ್ಲೈವ್ ಪೈಯನ್ನು ಚಮಚದಲ್ಲಿ ಒಡೆದ. ಆವಿ ಬಂತು. ಅವನು ಹೇಳಲಿಲ್ಲ.

“ಇವರೆಲ್ಲರಿಗೋಸ್ಕರ ಮಾಡಿದೆ” ಅಂದ ಆಮೇಲೆ. “ಇವಳ ಕೈ ನೋಡು, ಲೊರೇನ್ ಕೈ. ಆ ಹುಡುಗಿ ನೋಡು, ಸ್ನಾನ ಮಾಡ್ತಾ ಹಾಡ್ಬೇಕು. ನಿನ್ನ ಒಂದು ಕಿಟಕಿಗೆ ನಾವೆಲ್ಲ ಇಲ್ಲೇ ಕೊಳೀಬೇಕಾ?”

“ಬಿಡೂ ಕ್ಲೈವ್” ಅಂದಳು ಲೊರೇನ್.

“ಯಾಕೆ ಬಿಡ್ಲಿ? ಇಪ್ಪತ್ತೇಳು ವರ್ಷ ಭಟ್ಟಿ ಮುಂದೆ ಬೆಂದೆ. ಒಬ್ಬ ನನ್ಮಗ ಕೇಳಿದ್ನಾ, ಕ್ಲೈವ್, ನಿಂಗೇನನ್ನಿಸುತ್ತೆ ಅಂತ? ಮುಚ್ಚೋ ದಿನಾನೂ ಕೇಳಲಿಲ್ಲ. ಈಗ ಕೇಳ್ತಾರೆ.”

“ಕೇಳಿದ್ರು” ಅಂದಳು ವಿನಿ. “ನಾನೂ ಅಲ್ಲೇ ಇದ್ದೆ. ಕೇಳಿದ್ರು, ನೀವು ಹೇಳಿದ್ರಿ. ಬಟಾಣಿ ತಣ್ಣಗಾಗುತ್ತೆ ಮಿಸ್ಟರ್ ಮೇಚಿನ್, ತಿನ್ನಿ.”

ಅಂದಿನಿಂದ ಆ ಮನೆಯಲ್ಲಿ ಅವನಿಗೆ ಎಲ್ಲವೂ ಬಹುವಚನದಲ್ಲಿ ಬಂತು. ಬನ್ನಿ, ಕೂತ್ಕೊಳ್ಳಿ, ನಿಮ್ಮ ಒಗೆದ ಬಟ್ಟೆ ಮೆಟ್ಟಿಲ ಮೇಲಿದೆ. ಒಂದು ಡಕ್ ಇಲ್ಲ. ಹಾಲಿನವನಿಗೆ ಡಕ್, ಪಕ್ಕದ ಮನೆಯ ಬೆಕ್ಕಿಗೆ ಡಕ್, ಅಳಿಯನಿಗಿಲ್ಲ. ಕ್ಲೈವ್ ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ಬಾಗಿಲಂಚು ಕೆತ್ತಿ ಬಚ್ಚಲಿಗೆ ಹೊಸ ಚಿಲಕ ಹಾಕಿದ. ಇನ್ನು ಬೀಳುವ ಮನೆಗೆ ಈಗ ಚಿಲಕ ಯಾಕೆ ಅಂತ ಯಾರೂ ಕೇಳಲಿಲ್ಲ.

ಬೀದಿ ಖಾಲಿಯಾಗುತ್ತ ಬಂತು. ಹೋದವರ ಕಿಟಕಿಗಳಿಗೆ ತಗಡು ಬಡಿದರು. ಮನೆಗೆ ಕೊಟ್ಟ ದುಡ್ಡಿನಲ್ಲಿ ಅದೇ ಊರಲ್ಲಿ ಇನ್ನೊಂದು ಮನೆ ಬರುತ್ತಿರಲಿಲ್ಲ. ಹೊಸ ಮನೆ ಏಳುವ ತನಕ ಅಂತ ಜನ ಬಾಡಿಗೆಗೆ, ಮಕ್ಕಳ ಮನೆಗೆ, ದೂರದ ಊರಿಗೆ ಚದುರಿದರು. ಕಿಟಕಿಯ ಮುಂದಿನ ಸಾಲು ಮೋಟಾಯಿತು. ವಿನಿ ಹಿಟ್ಟನ್ನು ಸಣ್ಣ ಬಕೆಟ್ಟಿನಲ್ಲಿ ಕಲೆಸತೊಡಗಿದಳು, ಆಮೇಲೆ ಪಾತ್ರೆಯಲ್ಲಿ.

ಎಥೆಲ್ ಹೊರಡುವ ದಿನ ವ್ಯಾನನ್ನು ನಿಲ್ಲಿಸಿ ಕಿಟಕಿಗೆ ಬಂದಳು. ನಿಂತೇ ತಿಂದಳು, ಕಾಗದ ಮಡಿಸಿದಳು.

“ಇದಕ್ಕಿಂತ ಕೆಟ್ಟದ್ದು ತಿಂದಿದೀನಿ ವಿನ್.”

“ಎಲ್ಲಿ ತಿಂದಿರ್ತೀಯ, ನಿನ್ನ ಅಡುಗೇನೇ ಇರ್ಬೇಕು.”

ಇಬ್ಬರೂ ನಕ್ಕರು. ಎಥೆಲ್ ತಿರುಗಿ ನೋಡದೆ ವ್ಯಾನು ಹತ್ತಿದಳು.

ಕೊನೆಗೆ ಕ್ಲೈವನೇ ಕಾವಲಿಯನ್ನು ಗ್ಯಾಸಿನಿಂದ ಬಿಚ್ಚಿದ. ಅದು ಎದ್ದಾಗ ಕೆಳಗಿನ ನೆಲದಲ್ಲಿ ಅದರ ಅಳತೆಗೆ ಒಂದು ಬಿಳಿಯ ಚೌಕ ಉಳಿಯಿತು. ವಿನಿ ಪೊರಕೆ ತಂದು ಆ ಚೌಕವನ್ನು ಗುಡಿಸಿ, ಕಸವನ್ನು ಕಾಗದದಲ್ಲಿ ಸುತ್ತಿ, ಬಾಗಿಲು ಎಳೆದುಕೊಂಡಳು. ಬೆಂಕಿಗೂಡಿನ ಹೆಂಚು ಬಿಡಿಸಿ ಕೊಡಲಾ ಅಂತ ಅವನು ಕೇಳಿದ್ದ. “ಬೇಡ ಬಿಡಿ. ಒಂದೂ ನೆಟ್ಟಗಿಲ್ಲ” ಅಂದಿದ್ದಳು.

* * *

ಬೀದಿಯ ಒಂದು ಸಾಲು ಪೂರ್ತಿ ಬಿತ್ತು, ಇನ್ನೊಂದು ಅರ್ಧ. ಅಷ್ಟರಲ್ಲಿ ಲಂಡನ್ನಿನಲ್ಲಿ ಸರಕಾರ ಬದಲಾಯಿತು. ಹೊಸಬರು ಹಳಬರ ಪಾಲುದಾರಿಕೆಗಳನ್ನೆಲ್ಲ ಮುಚ್ಚಿ, ದುಡ್ಡು ನಿಲ್ಲಿಸಿ, ಬೇರೆ ಹೆಸರಿನ ಪಾಲುದಾರಿಕೆ ಶುರುಮಾಡಿದರು. ಮಿಸ್ ಪೆಂಬರ್ಟನ್ ಬೇರೆ ಊರಿಗೆ ಹೋದಳು. ಹೋಗುವ ಮುಂಚೆ ಕ್ಲೈವನಿಗೆ ಒಂದು ಕಾರ್ಡು ಕಳಿಸಿದ್ದಳು, ನಿಮ್ಮ ಸಹಾಯ ಮರೆಯಲಾರೆ ಅಂತ. ಹೊಸ ಮೇಜಿನಲ್ಲಿ ನಿವಾಸಿಗಳಿಗೆ ಕುರ್ಚಿ ಇರಲಿಲ್ಲ. ಗಾಜಿನ ಮಾರ್ಕೆಟ್ಟು ಬರಬೇಕಾದ ಕಡೆ ಹುಲ್ಲು ಬಂತು, ಹುಲ್ಲಿನ ಸುತ್ತ ಬೇಲಿ ಬಂತು. ಬೇಲಿಗೆ ಕಟ್ಟಿದ ಬಣ್ಣದ ಫಲಕದಲ್ಲಿ ನಗುವ ಜನರ ಚಿತ್ರವಿತ್ತು, ಅವರಲ್ಲಿ ಒಬ್ಬರೂ ಆ ಊರಿನವರಲ್ಲ.

ಟ್ಯಾಮ್ಸ್ ಮನೆಯವರು ಈಗ ಊರ ಹೊರಗಿನ ಕಟ್ಟಡದ ಎಂಟನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಬಚ್ಚಲಿಗೆ ಚಿಲಕವಿತ್ತು. ಜೋಡೀ ಒಳಗೆ ಹೋದರೆ ಬಹಳ ಹೊತ್ತು ಬರುತ್ತಿರಲಿಲ್ಲ, ಹಾಡುತ್ತಲೂ ಇರಲಿಲ್ಲ. ಒಂದು ದಿನ ಒಳಗಿಂದ ಬಿಕ್ಕುವ ಸದ್ದು ಕೇಳಿ ಲೊರೇನ್ ಬಾಗಿಲು ತಟ್ಟಿದರೆ, “ಏನಿಲ್ಲ, ಸೋಪು” ಅಂದಳು. ಸೋಫಾ ನಾಲ್ಕೂ ಕಾಲಿನ ಮೇಲೆ ನಿಂತಿತ್ತು. ಲೊರೇನ್ ಅದರ ಮೇಲೆ ಕಾಲು ಚಾಚಿದವಳೇ ನಿದ್ದೆ ಹೋಗುತ್ತಿದ್ದಳು. ಶಾಲೆಗೆ ಈಗ ಎರಡು ಬಸ್ಸು. ಒಲೆ ವಿದ್ಯುತ್ತಿನದು, ಸ್ವಲ್ಪ ಹೊಗೆಯಾದರೆ ಛಾವಣಿಯಿಂದ ಗಂಟೆ ಕಿರುಚುತ್ತಿತ್ತು. ಕಾವಲಿ ವಿನಿಯ ಮಂಚದ ಕೆಳಗೆ, ಹಳೆಯ ಕಂಬಳಿಯಲ್ಲಿ. ಕ್ಲೈವ್ ಮೆಟ್ಟಿಲಿಲ್ಲದ್ದಕ್ಕೆ ಬಾಲ್ಕನಿಯಲ್ಲಿ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ.

ಶನಿವಾರ ಅವನು ಅಂಗಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಬರುವ ಓಟ್‌ಕೇಕ್ ತಂದು, ಬಿಸಿ ಮಾಡಿ, ಅತ್ತೆಯ ಮುಂದೆ ತಾನೇ ಇಟ್ಟ.

“ಹೇಗಿದೆ ಅಮ್ಮ?”

ವಿನಿ ಒಂದು ತುತ್ತು ನುಂಗಿದಳು. “ಬಹಳ ಚೆನ್ನಾಗಿದೆ ಮಿಸ್ಟರ್ ಮೇಚಿನ್.”

ಅವನು ತಟ್ಟೆ ಎತ್ತಿಕೊಂಡು ಹೋದ.

ಅದಾದ ಮೇಲಿನ ವಾರ ಒಬ್ಬ ಹುಡುಗಿ ಬಂದಳು. ಹೊಸ ಪಾಲುದಾರಿಕೆಯವಳು, ಕೈಯಲ್ಲಿ ಗಾಜಿನ ಹಲಗೆಯಂಥ ಸಣ್ಣ ಕಂಪ್ಯೂಟರು. ಹಳೆಯ ಬೀದಿಗಳಿಂದ ಬಂದವರು ಹೇಗಿದ್ದಾರೆ ಅಂತ ಕೇಳಿಕೊಂಡು ಹೋಗಲು ಕಳಿಸಿದ್ದರಂತೆ. ಬೂಟು ಹೊರಗೆ ಬಿಟ್ಟು ಬಂದಳು. ಲೊರೇನ್ ಟೀ ಕೊಟ್ಟಳು. ಕ್ಲೈವ್ ಬಾಗಿಲ ಬಳಿ ನಿಂತ.

“ಕೂತ್ಕೋ ಡಕ್” ಅಂದಳು ವಿನಿ.

“ಮಿಸೆಸ್ ಟ್ಯಾಮ್ಸ್, ಹೊಸ ಮನೆ ಹೇಗನ್ನಿಸ್ತಿದೆ? ಮನಸ್ಸು ಬಿಚ್ಚಿ ಹೇಳಿ.”

ವಿನಿ ಸುತ್ತ ನೋಡಿದಳು. ಬಿಳಿಯ ಗೋಡೆ ನೋಡಿದಳು, ತೆರೆಯಲು ಬಾರದ ಕಿಟಕಿ ನೋಡಿದಳು. ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೊಂದೇ ಮಾತನ್ನು ಮೇಜಿನ ಮೇಲೆ ಪಿಂಗಾಣಿ ಇಟ್ಟ ಹಾಗೆ ಇಟ್ಟಳು.

“ಬಹಳ ಚೆನ್ನಾಗಿದೆ. ಒಂದು ಕುಂದಿಲ್ಲ. ಇಂಥ ಮನೆ ಜನ್ಮದಲ್ಲಿ ನೋಡಿರಲಿಲ್ಲ. ನಮ್ಮನ್ನ ಇಲ್ಲಿಗೆ ತಂದು ಹಾಕಿದವರಿಗೆ ದೇವರು ಇಂಥದ್ದೇ ಮನೆ ಕೊಡಲಿ.”

ಅಡುಗೆಮನೆಯಲ್ಲಿ ಲೊರೇನ್ ಕೈಯಿಂದ ಒಂದು ಚಮಚ ಕೆಳಗೆ ಬಿತ್ತು.

“ಅಯ್ಯೋ, ಎಷ್ಟು ಖುಷಿಯಾಯ್ತು!” ಅಂದಳು ಹುಡುಗಿ, ಬೆರಳಿನಿಂದ ಒತ್ತುತ್ತ.

“ನೋಡಮ್ಮ,” ಕ್ಲೈವ್ ಎರಡು ಹೆಜ್ಜೆ ಮುಂದೆ ಬಂದ. ಅವನ ಕುತ್ತಿಗೆ ಕೆಂಪಾಗಿತ್ತು. “ಅದು ಹಾಗಲ್ಲ. ನಮ್ಮ ಕಡೆ ಹಾಗೆ ಅಂದ್ರೆ... ಅವರು ಹೇಳ್ತಿರೋದು ಏನಂದ್ರೆ...”

ಹುಡುಗಿ ತಲೆಯೆತ್ತಿ, ನಗುನಗುತ್ತ, ಕಾದಳು. ವಿನಿಯೂ ಅವನ ಕಡೆ ತಿರುಗಿದಳು. ಆ ಸಭೆಯಲ್ಲಿ ನೋಡಿದ ಹಾಗೆಯೇ ನೋಡಿದಳು.

“ಇರಲಿ ಬಿಡಿ ಮಿಸ್ಟರ್ ಮೇಚಿನ್” ಅಂದಳು. “ನಾನು ಹೇಳಿದ್ದು ಹುಡುಗಿಗೆ ಅರ್ಥವಾಯ್ತು. ನೀವು ಆಗಲೇ ಒಂದು ಸಲ ಬಿಡಿಸಿ ಹೇಳಿದೀರಿ. ಒಳಗೆ ಬಿಸ್ಕತ್ತಿದ್ರೆ ಒಂದು ತಂದ್ಕೊಡಿ, ಪಾಪ, ದೂರದಿಂದ ಬಂದಿದಾಳೆ.”

ಕ್ಲೈವ್ ಒಳಗೆ ಹೋಗಿ ಬಿಸ್ಕತ್ತು ತಂದ.